ಚೆಂಡೆ ಕೇಳಿಕೊಂಡು ಫೋಟೋ ತೆಗೆದದ್ದು

ನಮ್ಮ ತೀರ್ಥಹಳ್ಳಿ ಕಡೆ ದೀಪಾವಳಿ ಕಳೆದು ಗದ್ದೆ ಕೊಯ್ಲು ಮುಗಿಯಿತು ಅಂದರೆ ಯಕ್ಷಗಾನದ ಆಟದ ಕಾಲ. ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಒಂದು ದಿನ ಹರಕೆ ಆಟ, ಇನ್ನೊಂದು ದಿನ ದೇವಸ್ಥಾನದ ಆಟ ಅಂತ ಮಳೆಗಾಲ ಹತ್ತಿರ ಬರುವವರೆಗೂ ನಡೆಯುತ್ತದೆ. ನಾನು ಚಿಕ್ಕವನಿದ್ದಾಗ ಅಪ್ಪನ ಕಂಬಳಿಯೊಳಗೆ ಕೂತು ಯಕ್ಷಗಾನ ನೋಡಿದವನು. ಎರಡು ವರ್ಷದ ಹಿಂದೆ ಒಂದು ಹಳೆ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೈಗೆ ಬಂತು. ಮೊದಲು ಹೊಳೆದದ್ದೇ ಆಟದ ಫೋಟೋ ತೆಗೆಯಬೇಕು ಅಂತ.

ಮೊದಲ ರಾತ್ರಿಯ ತಪ್ಪು ಹೇಳಿಬಿಡುತ್ತೇನೆ. ಕ್ಯಾಮೆರಾ ಆಟೋ ಮೋಡಿನಲ್ಲಿತ್ತು. ಕತ್ತಲು ಕಂಡ ಕೂಡಲೇ ಫ್ಲ್ಯಾಶ್ ತಾನಾಗಿ ಎದ್ದು ಹೊಡೆಯಿತು. ಅಭಿಮನ್ಯುವಿನ ವೇಷದವರು ಆಗ ಮಂಡಿಯಲ್ಲಿ ಗಿರ್ರನೆ ತಿರುಗುತ್ತಿದ್ದರು. ಆಮೇಲೆ ಚೌಕಿಗೆ (ವೇಷದವರು ಬಣ್ಣ ಹಚ್ಚುವ ಜಾಗ) ಹೋದಾಗ ಅವರೇ ಕರೆದರು. "ಆ ಲೈಟು ಹೊಡೀಬೇಡ ಮಾರಾಯ, ತಿರುಗುವಾಗ ಕಣ್ಣು ಕತ್ತಲೆ ಬರುತ್ತೆ" ಅಂದರು. ಬೈಯಲಿಲ್ಲ, ಅಷ್ಟೇ ಹೇಳಿದರು. ನನಗೆ ತುಂಬಾ ಬೇಜಾರಾಯಿತು. ಅವತ್ತೇ ಫ್ಲ್ಯಾಶ್ ಬಂದ್ ಮಾಡಿದೆ. ಫೋಕಸ್ ಮಾಡುವಾಗ ಮುಂದೆ ಹತ್ತುವ ಸಣ್ಣ ದೀಪವನ್ನೂ ಬಂದ್ ಮಾಡಿದೆ. ಹಿಂದಿನ ಪರದೆಯ ಬೆಳಕನ್ನು ಪೂರ್ತಿ ಇಳಿಸಿದೆ, ಹಿಂದೆ ಕೂತವರಿಗೂ ಅದು ಕಿರಿಕಿರಿ ಅಲ್ವಾ? ಫೋಟೋದ ಲೆಕ್ಕದಲ್ಲೂ ಫ್ಲ್ಯಾಶ್ ಬೇಡ. ಮುಖದ ಬಣ್ಣ ಸುಣ್ಣ ಬಳಿದ ಹಾಗೆ ಆಗುತ್ತದೆ.

ಫ್ಲ್ಯಾಶ್ ಇಲ್ಲದೆ ಹೋದಾಗ ಗೊತ್ತಾಯಿತು, ರಂಗಸ್ಥಳದ ಬೆಳಕು ಕಣ್ಣಿಗೆ ಸಾಕು, ಕ್ಯಾಮೆರಾಗೆ ಸಾಲದು. ಜೊತೆಗೆ ಬಂದಿದ್ದ 18-55 ಲೆನ್ಸ್ ಜೂಮ್ ಮಾಡಿದರೆ ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ (ಎಫ್ ಸಂಖ್ಯೆ ಸಣ್ಣದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು). ಐಎಸ್‌ಒ 1600ರಲ್ಲಿ, ಅಂದರೆ ಕ್ಯಾಮೆರಾ ಬೆಳಕಿಗೆ ಅಷ್ಟು ಸೂಕ್ಷ್ಮವಾಗಿದ್ದರೂ, ಶಟರ್ ತೆರೆದಿರುವ ಹೊತ್ತು ಸೆಕೆಂಡಿನ 1/25ಕ್ಕೆ ಬಂದು ನಿಲ್ಲುತ್ತಿತ್ತು. ಅಷ್ಟು ಹೊತ್ತಲ್ಲಿ ವೇಷ ಅರ್ಧ ಸುತ್ತು ಹೊಡೆದಿರುತ್ತದೆ! ಆಮೇಲೆ 50 ಎಂಎಂ, ಎಫ್ 1.8 ಲೆನ್ಸ್ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಇದು ಎಫ್ 5.6ಕ್ಕಿಂತ ಹೆಚ್ಚುಕಮ್ಮಿ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅದೇ ಐಎಸ್‌ಒದಲ್ಲಿ ಶಟರ್ 1/250ಕ್ಕೆ ಏರಿತು. ಹೊಸಬರು ಕ್ಯಾಮೆರಾ ಬದಲಿಸುವ ಯೋಚನೆ ಮಾಡುವ ಮುಂಚೆ ಈ ಲೆನ್ಸ್ ಒಂದು ತಗೊಳ್ಳಿ. ಇದರಲ್ಲಿ ಜೂಮ್ ಇಲ್ಲ. ಹದಿನೈದು ಇಪ್ಪತ್ತು ಅಡಿ ದೂರದಲ್ಲಿ, ಚೆಂಡೆಯವರ ಎದುರು ಮೂಲೆಯಲ್ಲಿ ಜಾಗ ಹಿಡಿದು ಕೂತರೆ ನನಗೆ ಸಾಕಾಗುತ್ತದೆ.

ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ನಂಬಿ ಮೋಸ ಹೋಗುವುದು ಇನ್ನೊಂದು. ಹಿಂದೆಲ್ಲ ಕಪ್ಪು, ಮಧ್ಯದಲ್ಲಿ ಒಂದು ಹೊಳೆಯುವ ಮುಖ. ಕ್ಯಾಮೆರಾ ಆ ಕಪ್ಪನ್ನೂ ಬೆಳಗಿಸಲು ಹೋಗಿ ಮುಖವನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ಹಣೆಯ ನಾಮ, ಕಣ್ಣಿನ ಕಾಡಿಗೆ ಒಂದೂ ಉಳಿಯುವುದಿಲ್ಲ. ಹಾಗಾಗಿ ಎಲ್ಲವನ್ನೂ ನಾವೇ ಹೊಂದಿಸುವ ಮ್ಯಾನುವಲ್ ಮೋಡ್‌ಗೆ ಬಂದೆ. ಶುರುವಿಗೆ ಬಾಲಗೋಪಾಲ, ಸ್ತ್ರೀವೇಷ ಕುಣಿಯುವ ಹೊತ್ತನ್ನು ಬೆಳಕಿನ ಲೆಕ್ಕ ಕೂಡಿಸುವುದಕ್ಕೆ ಅಂತಲೇ ಇಟ್ಟುಕೊಳ್ಳುತ್ತೇನೆ. ಕುಣಿತಕ್ಕೆ 1/250 ಅಥವಾ 1/320, ನಿಂತು ಅರ್ಥ (ಮಾತು) ಹೇಳುವಾಗ 1/125. ಐಎಸ್‌ಒ 1600ರಿಂದ 3200. ಫೋಟೋದಲ್ಲಿ ಕಾಳು ಕಾಳು ಕಂಡರೂ ಪರವಾಗಿಲ್ಲ, ಅಲುಗಿದ ಫೋಟೋ ಮಾತ್ರ ಸರಿ ಮಾಡಲು ಬರುವುದಿಲ್ಲ.

ಈಗ ಎಲ್ಲಾ ಕಡೆ ಎಲ್‌ಇಡಿ ಬಂದಿದೆ. ನಮ್ಮ ಕರೆಂಟು 50 ಹರ್ಟ್ಜ್. ಸಾಧಾರಣ ಎಲ್ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಕಾಣದ ಈ ಮಿನುಗು 1/500ರಲ್ಲಿ ಫೋಟೋದ ಮೇಲೆ ಅಡ್ಡಪಟ್ಟಿಯಾಗಿ ಬಂದು ಕೂರುತ್ತದೆ. ಪಟ್ಟಿ ಕಂಡರೆ ನಾನು 1/100ಕ್ಕೆ ಇಳಿಯುತ್ತೇನೆ, ಕುಣಿತ ಬಿಟ್ಟು ನಿಂತ ಭಂಗಿಗಳನ್ನೇ ಹಿಡಿಯುತ್ತೇನೆ. ಕೆಂಪು ದೀಪ ಹಾಕಿದರಂತೂ ಕ್ಯಾಮೆರಾ ಇಳಿಸಿ ಸುಮ್ನೆ ಆಟ ನೋಡುತ್ತೇನೆ. ದೊಂದಿ (ಪಂಜು) ಬೆಳಕಿನ ಕಾಲದಿಂದ ಬಂದ ವೇಷ ಇದು. ಕಿರೀಟದ, ಎದೆಪದಕದ ಹೊಳಪು ಹಳದಿ ಬೆಳಕಿನಲ್ಲಿ ಅರಳುವ ಹಾಗೆ ಬೇರೆ ಯಾವುದರಲ್ಲೂ ಅರಳುವುದಿಲ್ಲ. ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದ ಕಚ್ಚಾ ಫೋಟೋ) ತೆಗೆಯುವುದರಿಂದ ಬಣ್ಣವನ್ನು ಆಮೇಲೆ ತಿದ್ದಬಹುದು. ಆದರೆ ಆ ಹಳದಿಯನ್ನು ನಾನು ಪೂರ್ತಿ ತೆಗೆಯುವುದಿಲ್ಲ.

ಇಷ್ಟೆಲ್ಲ ಆದರೂ ಮೊದಲ ನಾಲ್ಕೈದು ಆಟದಲ್ಲಿ ಒಳ್ಳೆ ಫೋಟೋ ಸಿಗಲಿಲ್ಲ. ಕಣ್ಣಿಗೆ ಚಂದ ಕಂಡಾಗ ಬಟನ್ ಒತ್ತುತ್ತಿದ್ದೆ. ಒತ್ತುವಷ್ಟರಲ್ಲಿ ಆ ಚಂದ ಮುಗಿದಿರುತ್ತಿತ್ತು. ಒಂದು ರಾತ್ರಿ ಬ್ಯಾಟರಿ ಖಾಲಿಯಾಗಿ ಸುಮ್ಮನೆ ಕಣ್ಣು ಮುಚ್ಚಿ ಕೂತಿದ್ದೆ. ಆಗ ಕಿವಿಗೆ ಬಿತ್ತು. ಭಾಗವತರು ಪದ್ಯ ಏರಿಸುತ್ತಾರೆ. ಮದ್ದಳೆ, ಚೆಂಡೆ ಎರಡೂ ಬಿಗಿಯಾಗುತ್ತಾ ಹೋಗುತ್ತವೆ. ಮುಕ್ತಾಯದ ಕೊನೆಯ ಪೆಟ್ಟು ಬಿದ್ದಾಗ ಗೆಜ್ಜೆಯೂ ನಿಲ್ಲುತ್ತದೆ. ಕಣ್ಣು ಬಿಟ್ಟು ನೋಡಿದೆ. ಆ ಪೆಟ್ಟಿಗೆ ಇಡೀ ಮೈ ಕಲ್ಲಿನ ಹಾಗೆ ನಿಂತಿತ್ತು. ಕೈ ಚಾಚಿದೆ, ಕಣ್ಣು ಅಗಲವಾಗಿದೆ, ನಿಲುವು ಪೂರ್ತಿಯಾಗಿದೆ. ಅರೆಗಳಿಗೆ ಅಷ್ಟೇ. ಇಷ್ಟು ವರ್ಷ ನೋಡಿದ ಆಟವೇ, ಇದು ಮಾತ್ರ ಕಂಡಿರಲಿಲ್ಲ.

ಅಲ್ಲಿಂದ ನಾನು ತಾಳ ಕೇಳಿಕೊಂಡೇ ಫೋಟೋ ತೆಗೆಯುತ್ತೇನೆ. ಕೊನೆಯ ಪೆಟ್ಟು ಬೀಳುವುದಕ್ಕೆ ಒಂದು ಕೂದಲೆಳೆ ಮುಂಚೆ ಬೆರಳು ಒತ್ತಬೇಕು. ಬೆರಳಿಗೂ ಕ್ಯಾಮೆರಾಗೂ ಅಷ್ಟು ಹೊತ್ತು ಬೇಕು. ಇಡೀ ಆಟಕ್ಕೆ ಸಾವಿರ ಫೋಟೋ ಹೊಡೆಯುತ್ತಿದ್ದವನು ಈಗ ಇನ್ನೂರಕ್ಕೆ ಇಳಿದಿದ್ದೇನೆ. ಅದರಲ್ಲಿ ಹತ್ತು ಹನ್ನೆರಡು ನಿಜವಾಗಲೂ ಚೆನ್ನಾಗಿರುತ್ತವೆ. ಮೂರ್ನಾಲ್ಕು ಆಟ ಕ್ಯಾಮೆರಾ ಇಲ್ಲದೆ ಕೇಳಿ. ಆ ಮೇಳದ ಭಾಗವತರು ಪದ್ಯ ಹೇಗೆ ಮುಗಿಸುತ್ತಾರೆ ಅಂತ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ಮಲೆನಾಡಿನ ಇಬ್ಬನಿ ಬಗ್ಗೆ ಒಂದು ಮಾತು. ರಾತ್ರಿ ಎರಡು ಗಂಟೆ ದಾಟಿದರೆ ಬಯಲಲ್ಲಿ ಲೆನ್ಸಿನ ಗಾಜು ಒದ್ದೆಯಾಗುತ್ತದೆ. ಲೆನ್ಸಿನ ಮುಂದೆ ಸಿಕ್ಕಿಸುವ ಹುಡ್ ಹಾಕಿದರೆ ಸುಮಾರು ತಡೆಯುತ್ತದೆ. ಮೆತ್ತನೆ ಹತ್ತಿಬಟ್ಟೆ ಜೇಬಲ್ಲಿರಲಿ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಎರಡನೆಯದನ್ನು ಒಳಜೇಬಲ್ಲಿ ಬೆಚ್ಚಗೆ ಇಟ್ಟುಕೊಳ್ಳಿ.

ಚೌಕಿಯಲ್ಲಿ ಕೇಳದೆ ಕ್ಯಾಮೆರಾ ಎತ್ತಬಾರದು. ಬಣ್ಣ ಬರೆಯುವಾಗ ಕೈ ಅಲುಗಿದರೆ ಅವರು ಮತ್ತೆ ಶುರುವಿಂದ ಬರೆಯಬೇಕು. ಕಳೆದ ವರ್ಷ ಕೆಲವು ಫೋಟೋ ಪ್ರಿಂಟ್ ಹಾಕಿಸಿ ತಗೊಂಡು ಹೋಗಿದ್ದೆ. ಅಭಿಮನ್ಯು ಮಾಡಿದ್ದ ಅವರೇ ತಮ್ಮ ಫೋಟೋ ತುಂಬಾ ಹೊತ್ತು ನೋಡಿದರು. ಆಮೇಲೆ, "ಚಂದ ಬಂದಿದೆ. ಬಣ್ಣ ಹಚ್ಚೋ ಮುಂಚಿಂದೂ ಒಂದು ತೆಗಿ ಮಾರಾಯ, ಮನೇಲಿ ಇಡೋಕೆ ನಂದು ಒಂದೂ ಇಲ್ಲ" ಅಂದರು. ಕನ್ನಡಿ ಪಕ್ಕದ ಬಲ್ಬಿನ ಕೆಳಗೆ ಕೂರಿಸಿದೆ. ಎಫ್ 1.8ರಲ್ಲಿ ಅಷ್ಟು ಹತ್ತಿರದಿಂದ ಆರೇಳು ಸೆಂಟಿಮೀಟರ್ ಮಾತ್ರ ಸ್ಪಷ್ಟ ಬರುತ್ತದೆ ಅಂತ ಲೆನ್ಸಿನ ಬಾಯಿಯನ್ನು 2.8ಕ್ಕೆ ಕಿರಿದು ಮಾಡಿದೆ. ಶಟರ್ 1/60. ಅವರು ಅಂಗಿಯ ಕಾಲರ್ ಸರಿ ಮಾಡಿಕೊಂಡು, ಉಸಿರು ಹಿಡಿದು ನೆಟ್ಟಗೆ ಕೂತರು.