ಇವಿನಾ ಪೆಟ್ರೋಲಾ? ಶೋರೂಮಿಗೆ ಹೋಗೋ ಮೊದಲು ನಿಮ್ಮ ಪಾರ್ಕಿಂಗಿಗೆ ಹೋಗಿ

ಇವಿ, ಅಂದ್ರೆ ಎಲೆಕ್ಟ್ರಿಕ್ ಕಾರು, ತಗೊಳ್ಳೋಣ್ವಾ ಪೆಟ್ರೋಲೇ ಸಾಕಾ ಅಂತ ತಲೆ ಕೆಡಿಸ್ಕೊಂಡಿರೋರು ಬಹಳ ಜನ ನೇರ ಶೋರೂಮಿಗೇ ಹೋಗ್ತಾರೆ, ಅಲ್ಲಿ ಸೇಲ್ಸ್ ಹುಡುಗ ಸನ್‌ರೂಫು, ದೊಡ್ಡ ಸ್ಕ್ರೀನು ಎಲ್ಲ ತೋರಿಸ್ತಾನೆ, ಇವರು ಟೋಕನ್ ಕಟ್ಟಿ ಬರ್ತಾರೆ. ಚಾರ್ಜ್ ಎಲ್ಲಿ ಹಾಕೋದು ಅನ್ನೋ ಪ್ರಶ್ನೆ ಬರೋದು ಕಾರು ಮನೆ ಮುಂದೆ ನಿಂತ ಮೇಲೆ. ನಮ್ಮ ರಸ್ತೆಯಲ್ಲೇ ಒಬ್ಬರು ಮೊದಲನೇ ಮಹಡಿ ಕಿಟಕಿಯಿಂದ ಎಕ್ಸ್‌ಟೆನ್ಶನ್ ಬೋರ್ಡ್ ಇಳಿಬಿಟ್ಟು ಚಾರ್ಜ್ ಹಾಕ್ತಿದ್ರು, ಕೊನೆಗೆ ಬೋರ್ಡಿನ ಪ್ಲಾಸ್ಟಿಕ್ ಕರಗಿ ಪ್ಲಗ್ಗಿಗೆ ಮೆತ್ಕೊಂಡಿತ್ತು. ಅದಕ್ಕೇ ಈ ಕ್ರಮದಲ್ಲಿ ಹೋಗಿ.

1. ತಿಂಗಳಿಗೆ ಎಷ್ಟು ಓಡಿಸ್ತೀರ ನೋಡಿ

ಅಂದಾಜು ಬೇಡ. ಹಳೇ ಕಾರಿನ ಎರಡು ಸರ್ವಿಸ್ ಬಿಲ್ ತೆಗೀರಿ, ಎರಡರಲ್ಲೂ ಕಿಲೋಮೀಟರ್ ಬರೆದಿರ್ತಾರೆ, ಕಳೆದು ತಿಂಗಳಿಗೆ ಭಾಗಿಸಿ.

2. ದುಡ್ಡಿನ ಲೆಕ್ಕ

ತಿಂಗಳಿಗೆ 1000 ಕಿ.ಮೀ. ಅಂತಿಟ್ಕೊಳ್ಳಿ. ಬೆಂಗಳೂರು ಟ್ರಾಫಿಕ್ಕಲ್ಲಿ ಪೆಟ್ರೋಲ್ ಕಾರು ಲೀಟರಿಗೆ 14 ಕೊಟ್ಟರೂ ಸುಮಾರು 71 ಲೀಟರ್ ಬೇಕು, ಲೀಟರಿಗೆ ಬರೀ 100 ಹಿಡಿದ್ರೂ 7,100 ರೂಪಾಯಿ. ಇವಿ ಯೂನಿಟ್ಟಿಗೆ 7 ಕಿ.ಮೀ. ಓಡುತ್ತೆ ಅಂದ್ರೆ ಚಾರ್ಜಿಂಗಲ್ಲಿ ಪೋಲಾಗೋದೂ ಸೇರಿ ಸುಮಾರು 160 ಯೂನಿಟ್.

ಇಲ್ಲೇ ಎಲ್ಲರೂ ಮರೆಯೋದು ಗೃಹಜ್ಯೋತಿ. ಮನೆಗೆ 100 ಯೂನಿಟ್ ಆಗ್ತಿದ್ದು ಝೀರೋ ಬಿಲ್ ಬರ್ತಿದ್ರೆ, ಕಾರ್ ಸೇರಿ 260 ಆಗುತ್ತೆ, 200 ದಾಟಿದ ಮೇಲೆ ದಾಟಿದ 60 ಯೂನಿಟ್ಟಿಗೆ ಮಾತ್ರ ಅಲ್ಲ, ಪೂರ್ತಿ ಬಿಲ್ ನೀವೇ ಕಟ್ಬೇಕು. ಹಾಗಾಗಿ 160 ಯೂನಿಟ್ ದುಡ್ಡಲ್ಲ, 260 ಯೂನಿಟ್ ದುಡ್ಡು ಹಿಡೀರಿ, ಟ್ಯಾಕ್ಸು ಫಿಕ್ಸೆಡ್ ಚಾರ್ಜು ಎಲ್ಲ ಸೇರಿ 2,000 ದಾಟುತ್ತೆ. ಆದ್ರೂ ಕಿಲೋಮೀಟರಿಗೆ ಹತ್ತಿರ ಹತ್ತಿರ 5 ರೂಪಾಯಿ ಉಳಿತು.

ಈಗ ನಿಮಗೆ ಇಷ್ಟವಾದ ಇವಿಗೂ ಅದೇ ಸೈಜಿನ ಪೆಟ್ರೋಲ್ ಕಾರಿಗೂ ಆನ್ ರೋಡ್ ಬೆಲೆಯಲ್ಲಿ ಎಷ್ಟು ವ್ಯತ್ಯಾಸ ನೋಡಿ, ಎಕ್ಸ್ ಶೋರೂಮ್ ನೋಡ್ಬೇಡಿ. 2025ರ ಸೆಪ್ಟೆಂಬರಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳೀತು, ಇವಿದು 2019ರಿಂದಲೂ 5 ಇತ್ತು, ಅಂದ್ರೆ ಅದಕ್ಕೆ ಮುಂಚಿನ ವಿಡಿಯೋ ನೋಡಿ ಲೆಕ್ಕ ಹಾಕಿದ್ರೆ ತಪ್ಪೇ ಬರೋದು. ವ್ಯತ್ಯಾಸ 3 ಲಕ್ಷ ಇದ್ರೆ 60,000 ಕಿ.ಮೀ. ಓಡಿಸಿದ ಮೇಲೆ ಅಸಲು ಬರುತ್ತೆ. ತಿಂಗಳಿಗೆ 1000 ಓಡಿಸೋರಿಗೆ 5 ವರ್ಷ. ಭಾನುವಾರ ದೇವಸ್ಥಾನಕ್ಕೆ, ಆಮೇಲೊಂದು ಮದುವೆ ಮನೆಗೆ ಅಂತ ತಿಂಗಳಿಗೆ 300 ಓಡಿಸೋರಿಗೆ 16 ವರ್ಷ ದಾಟುತ್ತೆ, ಅವರು ಸುಮ್ನೆ ಪೆಟ್ರೋಲ್ ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಆದ್ರೆ ಇನ್ನೂ ಒಳ್ಳೇದು.

3. ಚಾರ್ಜಿಂಗ್ ಪಾಯಿಂಟ್: ಜನ ಎಡವೋದು ಇಲ್ಲೇ

ಕಾರು ಬುಕ್ ಮಾಡೋ ಮುಂಚೆ ಮುಗಿಸಬೇಕಾದ ಕೆಲ್ಸ ಇದು. ಅಪಾರ್ಟ್‌ಮೆಂಟ್ ಆದ್ರೆ ಅಸೋಸಿಯೇಷನ್ನಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ, 'ಆಯ್ತು ಸಾರ್ ನೋಡೋಣ' ಅನ್ನೋದು ಒಪ್ಪಿಗೆ ಅಲ್ಲ. ಬಾಡಿಗೆ ಮನೆ ಆದ್ರೆ ಓನರ್ ಹತ್ರ. ರಸ್ತೆ ಬದಿ ನಿಲ್ಲಿಸೋರಾದ್ರೆ ಇವಿ ಬೇಡ ಅಂತಲೇ ನನ್ನ ಮಾತು, ಯಾಕಂದ್ರೆ ಬರೀ ಫಾಸ್ಟ್ ಚಾರ್ಜರ್ ನಂಬ್ಕೊಂಡ್ರೆ ಯೂನಿಟ್ಟಿಗೆ 20 ರೂಪಾಯಿ ಆಸುಪಾಸು ಕೊಟ್ಟು, ಅದರ ಮೇಲೆ ಜಿಎಸ್‌ಟಿ ಕೊಟ್ಟು, ಉಳಿತಾಯದ ಸುಮಾರು ಮೂರನೇ ಒಂದು ಪಾಲು ಅಲ್ಲೇ ಹೋಗುತ್ತೆ.

ಆಮೇಲೆ ಕರೆಂಟ್ ಬಿಲ್ಲಲ್ಲಿ ಸ್ಯಾಂಕ್ಷನ್ಡ್ ಲೋಡ್, ಅಂದ್ರೆ ನಿಮ್ಮ ಮನೆಗೆ ಮಂಜೂರಾಗಿರೋ ಕರೆಂಟಿನ ಮಿತಿ, ನೋಡಿ. 3 ಕಿಲೋವ್ಯಾಟ್ ಅಂತಿದ್ರೆ, ಕಾರಿನ ಮಾಮೂಲಿ ಚಾರ್ಜರ್ರೇ 3.3 ಕಿಲೋವ್ಯಾಟ್ ಎಳೆಯುತ್ತೆ, ಗೀಸರ್ ಹಾಕಿದ ತಕ್ಷಣ ಟ್ರಿಪ್. ಲೋಡ್ ಜಾಸ್ತಿ ಮಾಡಿಸಿ.

ವೈರು ಸ್ವಂತ ಮೀಟರಿಂದ ನೇರ ಪಾರ್ಕಿಂಗಿಗೆ ಬರಬೇಕು, ಮಧ್ಯ ಯಾವ ಜಾಯಿಂಟೂ ಬೇಡ. 15 ಆ್ಯಂಪ್ ಪಾಯಿಂಟಿಗೆ 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಗೋಡೆಗೆ ಕೂರಿಸೋ 7.2 ಕಿಲೋವ್ಯಾಟ್ ಚಾರ್ಜರ್, ಅಂದ್ರೆ ವಾಲ್‌ಬಾಕ್ಸ್ ಆದ್ರೆ ಕಮ್ಮಿ ಅಂದ್ರೂ 6, ದೂರ ಜಾಸ್ತಿ ಇದ್ರೆ ಇನ್ನೂ ದಪ್ಪ. ಅದಕ್ಕೇ ಅಂತ ಬೇರೆ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ಆಫ್ ಆಗೋ ಸ್ವಿಚ್ಚು), ಕರೆಂಟ್ ಲೀಕ್ ಆದ್ರೆ ಆಫ್ ಮಾಡೋ 30 ಮಿಲಿಆ್ಯಂಪ್ ಆರ್‌ಸಿಸಿಬಿ. ಎಲೆಕ್ಟ್ರಿಷಿಯನ್ 'ಎರಡೂವರೆ ಸಾಕು ಸಾರ್, ಎಸಿಗೆ ಅದೇ ಹಾಕೋದು' ಅಂತಾನೆ, ಕೇಳ್ಬೇಡಿ. ಎಸಿ ರೂಮ್ ತಣ್ಣಗಾದ ಮೇಲೆ ಸುಮ್ನಾಗುತ್ತೆ, ಕಾರು 8-9 ಗಂಟೆ ಒಂದೇ ಸಮನೆ ಎಳೀತಾ ಇರುತ್ತೆ.

ಈಗ ಅರ್ಥಿಂಗು, ಅಂದ್ರೆ ಲೀಕ್ ಆದ ಕರೆಂಟನ್ನ ನೆಲಕ್ಕಿಳಿಸೋ ವ್ಯವಸ್ಥೆ. ಅರ್ಥ್ ಸರಿ ಇಲ್ದಿದ್ರೆ ಕಾರು ಚಾರ್ಜೇ ತಗೊಳ್ಳಲ್ಲ. ಆಗ ಕೆಲವು ಎಲೆಕ್ಟ್ರಿಷಿಯನ್ನುಗಳು ಮಾಡೋ ಶಾರ್ಟ್‌ಕಟ್ ಅಂದ್ರೆ ಸಾಕೆಟ್ ಒಳಗೆ ನ್ಯೂಟ್ರಲ್ಲಿಂದ (ಕರೆಂಟ್ ವಾಪಸ್ ಹೋಗೋ ವೈರು) ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಜೋಡಿಸಿಬಿಡೋದು. ಕಾರು ಮೋಸ ಹೋಗಿ ಚಾರ್ಜ್ ಶುರು ಮಾಡುತ್ತೆ, ಎಲ್ಲರಿಗೂ ಖುಷಿ. ಆದ್ರೆ ಮಳೆಗಾಳಿಗೆ ಎಲ್ಲೋ ನ್ಯೂಟ್ರಲ್ ಕಟ್ ಆಯ್ತು ಅಂದ್ರೆ ಕಾರಿನ ಮೈಗೇ 230 ವೋಲ್ಟ್ ಬಂದು ಕೂತಿರುತ್ತೆ, ಬಾಗಿಲು ಮುಟ್ಟೋದು ನಿಮ್ಮ ಮಗು. ಇದೇ ಕೆಲ್ಸ ಮಾಡೋ 'ಅರ್ಥಿಂಗ್ ಅಡಾಪ್ಟರ್' ಅಂತ ಆನ್‌ಲೈನಲ್ಲಿ ಸಿಗುತ್ತೆ, ಅದನ್ನಂತೂ ಮನೆಯೊಳಗೇ ತರ್ಬೇಡಿ.

ಸಾಕೆಟ್ ಹಾಕಿದ ದಿನ ಎಲೆಕ್ಟ್ರಿಷಿಯನ್ ಹೋಗೋ ಮುಂಚೆ ಮಲ್ಟಿಮೀಟರಲ್ಲಿ ನಿಮ್ಮ ಕಣ್ಮುಂದೆ ಅಳೆಸಿ. ಫೇಸ್ ಅಂದ್ರೆ ಕರೆಂಟ್ ಬರೋ ವೈರು, ಫೇಸ್-ನ್ಯೂಟ್ರಲ್ ಮಧ್ಯೆ ವೋಲ್ಟ್ ಎಷ್ಟಿದೆಯೋ ಫೇಸ್-ಅರ್ಥ್ ಕೂಡ ಹೆಚ್ಚುಕಮ್ಮಿ ಅಷ್ಟೇ ಇರ್ಬೇಕು. ನ್ಯೂಟ್ರಲ್-ಅರ್ಥ್ ಮಧ್ಯೆ ಒಂದೆರಡು ವೋಲ್ಟ್ ಬಂದ್ರೆ ಚೆನ್ನಾಗಿದೆ. 10, 15 ತೋರಿಸ್ತು ಅಂದ್ರೆ ಅರ್ಥ್ ಪಿಟ್ (ಅರ್ಥ್ ವೈರ್ ಇಳಿಸಿರೋ ಗುಂಡಿ) ಸತ್ತಿರಬಹುದು, ಇಲ್ಲಾ ನ್ಯೂಟ್ರಲ್ ಎಲ್ಲೋ ಲೂಸ್ ಆಗಿದೆ. ಈಗ ಅದೇ ಸಾಕೆಟ್ಟಿಗೆ ಒಂದು ದೊಡ್ಡ ಲೋಡ್, ಇಸ್ತ್ರಿಪೆಟ್ಟಿಗೆನೋ ಹೀಟರೋ, ಹಾಕಿಸಿ ಮತ್ತೆ ನೋಡಿ. ನ್ಯೂಟ್ರಲ್-ಅರ್ಥ್ ವೋಲ್ಟ್ ಸ್ವಲ್ಪ ಏರ್ಬೇಕು. ಲೋಡ್ ಹಾಕಿದ್ರೂ ಅಲ್ಲಾಡದೆ ಸೊನ್ನೆಯಲ್ಲೇ ನಿಂತಿದ್ರೆ ಅನುಮಾನ ಪಡಿ, ಸಾಕೆಟ್ ಬಿಚ್ಚಿಸಿ, ಆ ತುಂಡು ವೈರ್ ಅಲ್ಲೇ ಇರುತ್ತೆ.

ಹಳೇ ಮನೆಗಳಲ್ಲಿ ಉಪ್ಪು ಇದ್ದಿಲು ತುಂಬಿದ ಅರ್ಥ್ ಪಿಟ್ ಬೇಸಿಗೇಲಿ ಒಣಗಿ ಹೋಗಿರುತ್ತೆ, ಒಂದೆರಡು ಕೊಡ ನೀರು ಹಾಕಿ ಮತ್ತೆ ಅಳೆಸಿ ನೋಡಿ, ಆಗ್ಲಿಲ್ಲ ಅಂದ್ರೆ ಹೊಸ ಪಿಟ್ ಹೊಡೆಸಿ. ಇಷ್ಟೆಲ್ಲ ಆದ ಮೇಲೆ ಮೊದಲ ಸಲ ಕಾರ್ ಚಾರ್ಜಿಗೆ ಹಾಕಿದಾಗ ಒಂದು ಗಂಟೆ ಬಿಟ್ಟು ಆಫ್ ಮಾಡಿ ಪ್ಲಗ್ ಮುಟ್ಟಿ. ಬೆಚ್ಚಗಿದ್ರೆ ಪರವಾಗಿಲ್ಲ, ಕೈ ಇಡಕ್ಕಾಗದಷ್ಟು ಸುಡ್ತಿದ್ರೆ ಆ ಸಾಕೆಟ್ ತೆಗೆಸಿ ಒಳ್ಳೇ ಕಂಪನಿದು ಹಾಕ್ಸಿ.

4. ಊರಿಗೆ ಹೋಗೋದು

ಬ್ರೋಶರ್‌ನಲ್ಲಿರೋ ರೇಂಜಲ್ಲಿ, ಅಂದ್ರೆ ಫುಲ್ ಚಾರ್ಜಿಗೆ ಇಷ್ಟು ಓಡುತ್ತೆ ಅಂತ ಬರೆದಿರೋ ದೂರದಲ್ಲಿ, ಮೂರನೇ ಒಂದು ಭಾಗ ಕಳೆದುಬಿಡಿ. ಬೆಂಗಳೂರು-ಮಂಗಳೂರು ಸುಮಾರು 350 ಕಿ.ಮೀ., ಸಣ್ಣ ಬ್ಯಾಟರಿ ಆದ್ರೆ ಹಾಸನ ಕಡೆ ನಿಲ್ಲಿಸ್ಲೇಬೇಕು, ಊಟದ ಹೊತ್ತಿಗೆ ಹೊಂದಿಸ್ಕೊಳ್ಳಿ. ವಾಪಸ್ ಬರೋವಾಗ ಶಿರಾಡಿ ಹತ್ತೋದಕ್ಕೆ ಚಾರ್ಜ್ ಬೇಗ ಇಳಿಯುತ್ತೆ, ಕೆಳಗಡೆನೇ ಸಾಕಷ್ಟು ತುಂಬಿಸ್ಕೊಂಡು ಹೊರಡಿ. ದೀಪಾವಳಿ ಹಿಂದಿನ ದಿನ ಹೈವೇ ಚಾರ್ಜರಲ್ಲಿ ಕ್ಯೂ ಇದ್ದೇ ಇರುತ್ತೆ. ವಾರ ವಾರ ಘಟ್ಟ ಇಳಿಯೋರು ನೀವಾದ್ರೆ, ಮನೇಲಿ ಒಂದೇ ಕಾರಾದ್ರೆ, ನಾನಂತೂ ಪೆಟ್ರೋಲೇ ಅಂತೀನಿ.

5. ಈಗ ಶೋರೂಮ್

ಟೆಸ್ಟ್ ಡ್ರೈವಲ್ಲಿ ಹಿಂದಿನ ಸೀಟಲ್ಲಿ ಮನೆ ಹಿರಿಯರನ್ನ ಕೂರಿಸಿ, ಕೆಲವು ಇವಿಗಳಲ್ಲಿ ಬ್ಯಾಟರಿ ಕೆಳಗಿರೋದ್ರಿಂದ ಫ್ಲೋರ್ ಮೇಲೆ ಬಂದು ಮಂಡಿ ಎತ್ತಿಕೊಂಡು ಕೂರ್ಬೇಕಾಗುತ್ತೆ. ಬ್ಯಾಟರಿ ವಾರಂಟಿ ಸಾಮಾನ್ಯವಾಗಿ 8 ವರ್ಷ ಇಲ್ಲಾ 1.6 ಲಕ್ಷ ಕಿ.ಮೀ. ಇರುತ್ತೆ, ಎಷ್ಟು ಪರ್ಸೆಂಟ್ ಕೆಪಾಸಿಟಿಗಿಂತ ಕೆಳಗೆ ಹೋದ್ರೆ ಬದಲಾಯಿಸಿ ಕೊಡ್ತಾರೆ ಅನ್ನೋದನ್ನ ವಾರಂಟಿ ಪುಸ್ತಕದಲ್ಲೇ ತೋರಿಸಿ ಅನ್ನಿ. ಥರ್ಡ್ ಪಾರ್ಟಿ ಇನ್ಶೂರೆನ್ಸಲ್ಲಿ ಇವಿಗೆ 15 ಪರ್ಸೆಂಟ್ ರಿಯಾಯಿತಿ ಇದೆ, ಕೊಟೇಶನ್ನಲ್ಲಿ ಹಿಡಿದಿದ್ದಾರಾ ನೋಡಿ. 'ಫ್ರೀ ಚಾರ್ಜರ್ ಇನ್‌ಸ್ಟಾಲೇಶನ್' ಅಂದ್ರೆ ಎಷ್ಟು ಮೀಟರ್ ವೈರ್ ಫ್ರೀ ಅಂತ ಕೇಳಿ, ಅದಕ್ಕಿಂತ ಜಾಸ್ತಿ ಆದ್ರೆ ಮೀಟರಿಗೆ ಎಷ್ಟು ಅಂತ ಬರೆಸ್ಕೊಂಡೇ ಸೈನ್ ಹಾಕಿ.