ಪೀಚೋ ಗಂಧವೋ, ಮೂಲೆಗೆ ಹಿಡಿದು ನೋಡಿ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಮೈದುನನ ಮಗ ಹೊಸ ಫ್ಲ್ಯಾಟಿಗೆ ಬಣ್ಣ ಹೊಡೆಸಿದ. ಪೀಚ್ ಬೇಕೋ ಗಂಧದ ಬಣ್ಣ ಬೇಕೋ ಎಂದು ಗಂಡ ಹೆಂಡತಿ ಎರಡು ದಿನ ಮೊಬೈಲ್ ತಿಕ್ಕಿದರು. ಕೊನೆಗೆ ಶೇಡ್ ಕಾರ್ಡಿನಲ್ಲಿ ಅಂಚೆಚೀಟಿಯಷ್ಟು ಚೌಕ ನೋಡಿ ಪೀಚ್ ಆರಿಸಿದರು. ಹಾಲ್‌ನ ಕಿಟಕಿ ಪಶ್ಚಿಮಕ್ಕೆ. ಸಂಜೆ ಬಿಸಿಲು ಒಳಗೆ ಬಂತೆಂದರೆ ಗೋಡೆಯೆಲ್ಲ ಕಿತ್ತಳೆ ಹಣ್ಣು! ಮನೆಯಲ್ಲಿ ದೊಡ್ಡವರಿದ್ದಾರೆ, ಒಂದು ಮಾತು ಕೇಳಬಾರದಿತ್ತಾ?

ಕೋಣೆಯಲ್ಲಿ ಒಂದು ಗೋಡೆಯ ಬಣ್ಣ ಇನ್ನೊಂದರ ಮೇಲೆ ಬೀಳುತ್ತದೆ. ಅದಕ್ಕೇ ಕಾರ್ಡಿನಲ್ಲಿ ಕಂಡದ್ದಕ್ಕಿಂತ ಜಾಸ್ತಿ ಗಾಢ ಕಾಣುತ್ತದೆ.

ಎರಡೂ ಬಣ್ಣದ ಚಿಕ್ಕ ಡಬ್ಬಿ ತನ್ನಿ. ದಪ್ಪ ಡ್ರಾಯಿಂಗ್ ಶೀಟ್ ತನ್ನಿ, ದೊಡ್ಡದೇ ಬೇಕು. ಅಂಚಿನ ತನಕ ಬಳಿಯಿರಿ. ಬಿಳಿ ಅಂಚು ಬಿಟ್ಟರೆ ಕಣ್ಣು ಅದನ್ನೇ ಹಿಡಿದುಕೊಳ್ಳುತ್ತದೆ. ಎರಡು ಕೋಟ್ ಆಗಲಿ, ರಾತ್ರಿಯಿಡೀ ಒಣಗಲಿ. ಎಮಲ್ಷನ್, ಅಂದರೆ ನೀರು ಬೆರೆಸಿ ಹೊಡೆಯುವ ಗೋಡೆ ಬಣ್ಣ, ಸಾಮಾನ್ಯವಾಗಿ ಒಣಗಿದ ಮೇಲೆ ಸ್ವಲ್ಪ ಗಾಢವಾಗುತ್ತದೆ. ಆಮೇಲೆ ಶೀಟನ್ನು ನಡುವೆ ಮಡಚಿ, ಪುಸ್ತಕ ತೆರೆದ ಹಾಗೆ ಗೋಡೆಯ ಮೂಲೆಗೆ ಅಂಟಿಸಿ. ಮಡಿಕೆಯ ಒಳಗೆ ನೋಡಿ. ಅಲ್ಲಿ ಕಾಣುವ ಬಣ್ಣವೇ ನಾಳೆ ನಿಮ್ಮ ಕೋಣೆಯ ಬಣ್ಣ. ಬೆಳಿಗ್ಗೆ ಕಾಫಿ ಹೊತ್ತಿಗೆ ನೋಡಿ, ಸಂಜೆ ಬಿಸಿಲಿಗೆ ನೋಡಿ, ರಾತ್ರಿ ಟ್ಯೂಬ್‌ಲೈಟ್ ಹಾಕಿ ನೋಡಿ. ಒಂದು ಸಲಕ್ಕೆ ಒಂದೇ ಶೀಟ್. ಎರಡನ್ನೂ ಪಕ್ಕಪಕ್ಕ ಹಚ್ಚಿದರೆ ಪೀಚ್ ಪಕ್ಕದಲ್ಲಿ ಗಂಧ ಸುಮ್ನೆ ಹಸಿರು ಹೊಡೆಯುತ್ತದೆ.

ಮುಂಬಯಿಯ ಮಾಟುಂಗಾದ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಇದ್ದಾಗ ನಮ್ಮತ್ತೆ ಸುಣ್ಣಕ್ಕೆ ಹಳದಿ ಬಣ್ಣದ ಪುಡಿ ಕಲಸಿ, ಮೊದಲು ಚಪ್ಪಲಿ ಡಬ್ಬದ ಮುಚ್ಚಳಕ್ಕೆ ಬಳಿದು ಗ್ಯಾಲರಿಯಲ್ಲಿ ಒಣಗಿಸುತ್ತಿದ್ದರು. ಸುಣ್ಣ ಒಣಗಿದರೆ ತಿಳಿಯಾಗುತ್ತದೆ, ಎಮಲ್ಷನ್ನಿನ ಉಲ್ಟಾ. "ಮುಚ್ಚಳ ಒಣಗೋ ತನಕ ಬ್ರಷ್ ಮುಟ್ಟಬೇಡ" ಎಂದು ನನ್ನ ಕೈಯಿಂದ ಕಿತ್ತುಕೊಂಡಿದ್ದೂ ಉಂಟು.

ಬಿಸಿಲು ಬಾರದ ಉತ್ತರದ ಕೋಣೆಗೆ ಪೀಚ್ ಚೆನ್ನ, ಮಂಕು ಹೋಗುತ್ತದೆ. ಪಶ್ಚಿಮಕ್ಕೆ ಗಂಧವೇ ಸರಿ. ಬಿಳಿ ಟ್ಯೂಬ್‌ಲೈಟಿಗೆ ಪೀಚ್ ಬೂದಿ ಬಡಿದ ಹಾಗಾಗುತ್ತದೆ, ಅಂಥವರು ಹಳದಿ ಬೆಳಕಿನ ಬಲ್ಬ್ ಹಾಕಿ.

ಮಳೆಗಾಲ ಮುಗಿದ ಕೂಡಲೇ ಪೇಂಟರನ್ನು ಕರೆಯಬೇಡಿ. ತೇವದ ಗೋಡೆಗೆ ಬಳಿದರೆ ಗುಳ್ಳೆ ಏಳುತ್ತದೆ. ಅವನು ಬರುವ ಮುಂಚೆ ಫ್ಯಾನ್ ಒರೆಸಿಡಿ. ರೆಕ್ಕೆಗೆ ಹಳೇ ದಿಂಬಿನ ಕವರ್ ತೊಡಿಸಿ ಎಳೆಯಿರಿ, ಧೂಳು ಕವರಿನೊಳಗೇ ಉಳಿಯುತ್ತದೆ. ಬಟ್ಟೆಯಲ್ಲಿ ಒರೆಸಿ ಹಾಸಿಗೆ ಮೇಲೆಲ್ಲ ಧೂಳು ಸುರಿಸುವವರನ್ನು ಕಂಡರೆ ನನಗೆ ತಲೆ ಕೆಡುತ್ತದೆ.

ದೀಪಾವಳಿಗೆ ಮುಂಚೆ ಡೊಂಬಿವಲಿಯ ಆ ಹಾಲ್‌ಗೆ ಮತ್ತೆ ಬಣ್ಣ ಆಗಬೇಕು. ಈ ಸಲ ಗಂಧದ ಶೀಟ್ ನಾನೇ ಬಳಿದು ಹಗ್ಗಕ್ಕೆ ಹಾಕಿದ್ದೇನೆ.