ಕಂಟ್ರೋಲ್ ರೂಮಿನಲ್ಲಿ ನಾವು ರಿಜಿಸ್ಟರ್ ನಡೆಸುವ ರೀತಿ

ನೆರೆಯಂಥ ವಿಪತ್ತಿನಲ್ಲಿ ಎಲ್ಲ ಇಲಾಖೆಗಳ ಕೆಲಸ ಹೊಂದಿಸುವ ತುರ್ತು ಕಾರ್ಯಾಚರಣೆ ಕೇಂದ್ರಕ್ಕೆ, ಅಂದರೆ ನಮ್ಮ ಕಂಟ್ರೋಲ್ ರೂಮಿಗೆ, ಬಂದವರ ಕಣ್ಣು ಮೊದಲು ಹೋಗುವುದು ಗೋಡೆ ಮೇಲಿನ ಪರದೆಗೆ. ಕೆಲಸ ನಡೆಯುವುದು ಮಾತ್ರ ರಿಜಿಸ್ಟರಿನಲ್ಲಿ. ಯಾರನ್ನು ಮೊದಲು ದೋಣಿ ಹತ್ತಿಸಬೇಕು ಎಂಬುದು ಸ್ಥಳದಲ್ಲಿರುವ ಕಮಾಂಡರ್ ತೀರ್ಮಾನ, ಅದರಲ್ಲಿ ನಾವು ಕೈಹಾಕುವುದಿಲ್ಲ. ಅವರು ಕೇಳಿದ್ದು ಹೊತ್ತಿಗೆ ತಲುಪಿತೇ, ಇರುವ ಒಂದು ಜೆಸಿಬಿಯನ್ನು ಇಬ್ಬರು ಕೇಳಿದಾಗ ಯಾರಿಗೆ ಕೊಡಬೇಕು, ಇವು ನಮ್ಮ ತಲೆನೋವು.

ಪ್ರತಿ ಕರೆಗೂ ಕ್ರಮಸಂಖ್ಯೆ, 24 ಗಂಟೆ ಲೆಕ್ಕದಲ್ಲಿ ಸಮಯ, ಕರೆದವರ ನಂಬರ್, ಜಾಗ ಬರೆಯುತ್ತೇವೆ. ಪಕ್ಕದಲ್ಲಿ ‘ಖಚಿತ’ ಅಥವಾ ‘ಖಚಿತವಿಲ್ಲ’ ಎಂಬ ಗುರುತು. ಒಂದೇ ಸೇತುವೆ ಕುಸಿದ ಸುದ್ದಿ ಹತ್ತು ಕಡೆಯಿಂದ ಬರುತ್ತದೆ; ಹಳೆಯ ಕ್ರಮಸಂಖ್ಯೆಗೇ ಸೇರಿಸದಿದ್ದರೆ ಹತ್ತು ತಂಡ ಅಲ್ಲಿಗೇ ಓಡುತ್ತವೆ.

ಜಾಗದ ವಿಷಯದಲ್ಲಿ ಮೋಸ ಮಾಡುವುದು ಅಕ್ಷಾಂಶ-ರೇಖಾಂಶ. 12 ಡಿಗ್ರಿ 30 ನಿಮಿಷ ಅಂದರೆ ದಶಮಾಂಶದಲ್ಲಿ 12.50. ಅದನ್ನು 12.30 ಎಂದು ಬರೆದುಕೊಂಡರೆ ತಂಡ ಸುಮಾರು 22 ಕಿ.ಮೀ. ಆಚೆ ಇಳಿಯುತ್ತದೆ. ಹಾಗಾಗಿ ಎಲ್ಲ ಇಲಾಖೆಗೂ ಒಂದೇ ಪದ್ಧತಿ ಮೊದಲೇ ಗೊತ್ತುಮಾಡಿ, ಜೊತೆಗೆ ಹತ್ತಿರದ ಒಂದು ಗುರುತನ್ನೂ ಕೇಳಿಯೇ ಕೇಳುತ್ತೇವೆ.

‘ಒಂದು ಪಂಪ್ ಕಳಿಸಿ’ ಎಂಬ ಕೋರಿಕೆಯನ್ನು ಹಾಗೇ ತೆಗೆದುಕೊಳ್ಳುವುದಿಲ್ಲ. ಎಷ್ಟು ಆಳದ ನೀರು, ಎಷ್ಟು ದೂರ ಬಿಡಬೇಕು, ಲಾರಿ ಹೋಗುವ ದಾರಿಯಿದೆಯೇ, ಆಪರೇಟರ್ ಮತ್ತು ಡೀಸೆಲ್ ಯಾರದ್ದು, ಇಳಿಸಿಕೊಳ್ಳುವವರು ಯಾರು? ನೀರೆಳೆಯುವ ಸಕ್ಷನ್ ಪೈಪ್ ಇಲ್ಲದೆ ಬಂದ ಪಂಪ್ ಬರೀ ಭಾರ. ಮುಂದಿನ ಕಾಲಂಗಳು: ಕೇಳಿದ್ದು, ಒಪ್ಪಿದ್ದು, ಹೊರಟಿದ್ದು, ತಲುಪಿದ್ದು, ಮರಳಿದ್ದು. ‘ತಲುಪಿದ್ದು’ ಕಾಲಂ ತುಂಬುವುದು ಇಳಿಸಿಕೊಂಡವರ ಬಾಯಿಂದ ಕೇಳಿದ ಮೇಲೆಯೇ. ಕಳಿಸಿದವರ ಮಾತು ಅಲ್ಲಿ ನಡೆಯದು. ಪ್ರತಿ ಸಾಲಿಗೂ ಒಬ್ಬರ ಹೆಸರು ಇರಬೇಕು. ‘ಸಂಬಂಧಪಟ್ಟ ಇಲಾಖೆ’ ಎಂದು ಬರೆದ ಸಾಲು ಅಲ್ಲೇ ಕೊಳೆಯುತ್ತದೆ.

ಕಾಳಜಿ ಕೇಂದ್ರ (ಸಂತ್ರಸ್ತರ ತಾತ್ಕಾಲಿಕ ಆಸರೆ) ಕೇಳಿದರೆ, ಪರಿಹಾರ ಕೆಲಸಕ್ಕೆ ಜಗತ್ತಿನಾದ್ಯಂತ ಬಳಸುವ ‘ಸ್ಫಿಯರ್’ ಕನಿಷ್ಠ ಮಾನದಂಡದಿಂದ ಲೆಕ್ಕ ಶುರು: ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 3.5 ಚದರ ಮೀಟರ್ ಜಾಗ, ಮೊದಲಿಗೆ 50 ಜನಕ್ಕೊಂದು ಶೌಚಾಲಯ, ಆದಷ್ಟು ಬೇಗ 20ಕ್ಕೊಂದು. 400 ಜನ ಅಂದರೆ 6,000 ಲೀಟರ್, 1,400 ಚದರ ಮೀಟರ್, 8 ಶೌಚಾಲಯ. ಅಕ್ಕಿಬೇಳೆಯನ್ನು ಎಲ್ಲರೂ ನೆನಪಿಡುತ್ತಾರೆ, ಶೌಚಾಲಯವನ್ನು ಯಾರೂ ನೆನಪಿಡುವುದಿಲ್ಲ.

ವೈರ್‌ಲೆಸ್‌ನಲ್ಲಿ ಸಂಕೇತ ಬಳಸಬೇಡಿ ಎನ್ನುತ್ತೇವೆ, ಒಂದು ಇಲಾಖೆಯ ಕೋಡ್ ಇನ್ನೊಂದಕ್ಕೆ ಅರ್ಥವಾಗದು. ಕೇಳಿದವರು ಸಂದೇಶವನ್ನು ತಿರುಗಿ ಓದಿ ಹೇಳಬೇಕು. ಮೊಬೈಲ್ ನೆಟ್‌ವರ್ಕ್ ಜಾಮ್ ಆದಾಗ ಕರೆ ಹೋಗದಿದ್ದರೂ ಎಸ್‌ಎಂಎಸ್ ಹೋಗುವುದುಂಟು. ಜನರೇಟರನ್ನು ಲೋಡ್ ಹಾಕಿಯೇ, ಅಂದರೆ ದೀಪ, ಯಂತ್ರಗಳನ್ನು ಅದರಿಂದ ನಡೆಸಿಯೇ, ಪರೀಕ್ಷಿಸಬೇಕು, ಬರೀ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಏನೂ ತಿಳಿಯುವುದಿಲ್ಲ.

ಪಾಳಿ 12 ಗಂಟೆ, ಬದಲಾಗುವಾಗ ಇಬ್ಬರೂ ಅರ್ಧ ಗಂಟೆ ಜೊತೆಗಿರುತ್ತಾರೆ. ಮುಗಿಯದ ಸಾಲುಗಳನ್ನು ಗಟ್ಟಿಯಾಗಿ ಓದಿ, ಹೊಸಬರ ಹೆಸರು ಬರೆಸಿದ ಮೇಲೆಯೇ ಹಳಬರು ಏಳುವುದು. ಬಾಡಿಗೆ ಯಂತ್ರ ಎಷ್ಟು ಗಂಟೆ ದುಡಿಯಿತೆಂದು ಅಂದಂದೇ ಸಹಿ ಹಾಕಿಸಿ. ನೀರು ಇಳಿದ ಮೇಲೆ ಬಿಲ್ ಬಂದಾಗ ಮೀಟರ್ ನೋಡಿದವರು ಯಾರೂ ಸಿಗುವುದಿಲ್ಲ.